ಹುಡುಗ ಏನ್ ಮಾಡ್ಕೊಂಡವ್ನೆ?

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಹೊರದೇಶದಲ್ಲಿ ಪಾಠ ಹೇಳುವವರಿಗೆ ಇವು ಸಂಬಳದ ಜೊತೆಗೇ ಬರುತ್ತವೆ. ಸಂಬಳ ತಡವಾಗಬಹುದು, ಇವು ತಡವಾಗುವುದಿಲ್ಲ.

ನಾನು ಗಲ್ಫಿನ ಒಂದು ಊರಿನಲ್ಲಿ ಗಣಿತದ ಟೀಚರು. ಯಜಮಾನರು ತುಮಕೂರಿನ ಸದಾಶಿವನಗರದಲ್ಲೇ ಇದ್ದಾರೆ. ಬಡ್ತಿ ಕೊಟ್ಟು ಬೇರೆ ಊರಿಗೆ ಹಾಕುತ್ತೇವೆ ಎಂದಾಗ ಬಡ್ತಿಯೇ ಬೇಡವೆಂದು ಬರೆದುಕೊಟ್ಟವರು ಅವರು. ಊರಂಚಿನ ಕ್ಯಾತ್ಸಂದ್ರ ದಾಟಬೇಕಾದರೂ ಮನೆಯಿಂದ ನೀರು ತುಂಬಿಸಿಕೊಂಡು ಹೊರಡುತ್ತಾರೆ. ಹೀಗಾಗಿ ದೇಶ ಬಿಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ಕಾಸಿದ್ದವರ ಮಕ್ಕಳ ಸ್ಕೂಲು. ಬೆಳಗ್ಗೆ ಗೇಟಿನಲ್ಲಿ ನಿಲ್ಲುವ ಒಂದೊಂದು ಕಾರಿಗೂ ಸ್ಟಾಫ್ ರೂಮಿನವರೆಲ್ಲ ಸೇರಿ ದುಡ್ಡು ಹಾಕಿದರೂ ಒಂದು ಚಕ್ರ ಬರುವುದಿಲ್ಲ. ನಮಗಿಂತ ಕೆಳಗೆ ಇನ್ನೊಂದು ಲೋಕ. ನೆಲ ಒರೆಸುವವರು, ಗಾಜು ಒರೆಸುವವರು, ಬಿಸಿಲಿನಲ್ಲಿ ಗಿಡಕ್ಕೆ ನೀರು ಬಿಡುವವರು. ಬಿಹಾರದವರು, ನೇಪಾಳದವರು, ಬಾಂಗ್ಲಾದವರು, ಅವರ ನಡುವೆ ಕುಣಿಗಲ್ಲಿನವನು ಒಬ್ಬ. ಮುಂದೆ ಹೇಳುವುದೆಲ್ಲ ನನ್ನ ಕಥೆಯ ಹಾಗೆ ಕಂಡರೂ ಕೊನೆಗೆ ಅವನ ಮದುವೆಯ ಕಥೆಯೇ.

೧. ಮಜ್ಜಿಗೆಯ ನಂಟು

ಸೇರಿದ ಹೊಸದರಲ್ಲಿ ಒಂದು ದಿನ ಕಾರಿಡಾರಿನಲ್ಲಿ ನಿಂತು, ಸಾರಿಗೆ ಹುಣಸೆಹಣ್ಣು ಯಾವಾಗ ಹಾಕಬೇಕು ಎಂದು ಯಜಮಾನರಿಗೆ ಫೋನಿನಲ್ಲಿ ಹೇಳಿಕೊಡುತ್ತಿದ್ದೆ. ಹಿಂದೆ ನೆಲ ಒರೆಸುತ್ತಿದ್ದ ಸದ್ದು ನಿಂತಿತು.

"ಅಕ್ಕ, ತುಮ್ಕೂರಾ?"

ತಿರುಗಿದರೆ ನೀಲಿ ಯೂನಿಫಾರ್ಮು, ಕೈಯಲ್ಲಿ ಮಾಪು. ನಮ್ಮ ಕಡೆಯವರು ಇಬ್ಬರು ಹೊರಗೆಲ್ಲಾದರೂ ಸಿಕ್ಕರೆ ಮಾಡುವ ಕೆಲಸ ಒಂದೇ. ಯಾವೂರು, ಯಾರ ಪೈಕಿ, ಅಲ್ಲಿ ಇಂಥವರು ಗೊತ್ತಾ ಎಂದು ಎಳೆಯುತ್ತಾ ಹೋಗುವುದು, ನಂಟು ಸಿಗುವವರೆಗೂ ಬಿಡದಿರುವುದು. ಅವನದು ಕುಣಿಗಲ್ ಪಕ್ಕದ ಹಳ್ಳಿ. ಅವನ ಸೋದರತ್ತೆಯನ್ನು ಗುಬ್ಬಿಗೆ ಕೊಟ್ಟಿದ್ದಾರೆ. ನನ್ನ ತವರು ಗುಬ್ಬಿ. ಆ ಸೋದರತ್ತೆಯ ಮನೆಯಿಂದ ನಮ್ಮ ಮನೆಗೆ ಮಜ್ಜಿಗೆ ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ನಾನು ಅಕ್ಕ, ಅವನು ತಮ್ಮ.

ಒರೆಸಿದ ನೆಲ ಒಣಗುವಷ್ಟರಲ್ಲಿ ಅವನ ಮನೆಯ ಚಿಂತೆಯೂ ನನಗೆ ಗೊತ್ತಾಗಿತ್ತು. ವಯಸ್ಸು ಮೂವತ್ತೈದು ದಾಟಿದೆ. ನಮ್ಮಲ್ಲಿ ಮದುವೆ ಆಗುವವರೆಗೂ ಗಂಡಸು ಹುಡುಗನೇ, ಆದ್ದರಿಂದ ಇವನೂ ಹುಡುಗನೇ. ತಾಯಿ ಹೆಣ್ಣು ಹುಡುಕಿ ಹುಡುಕಿ ಸೋತಿದ್ದಾರೆ. ಹೋದಲ್ಲೆಲ್ಲ ಹುಡುಗ ಏನ್ ಮಾಡ್ಕೊಂಡವ್ನೆ ಎಂದು ಕೇಳುತ್ತಾರಂತೆ. ಕ್ಲೀನಿಂಗ್ ಎಂದ ಕೂಡಲೇ ಹೆಣ್ಣಿನ ಕಡೆಯವರಿಗೆ ಜಾತಕ ಕೂಡಿಬರುವುದಿಲ್ಲವಂತೆ.

ಅವನು ನನ್ನನ್ನು ಅಕ್ಕ ಎಂದು ಕರೆಯುವುದು ಸೂಪರ್‌ವೈಸರನ ಕಿವಿಗೆ ಬಿತ್ತು. ಹಾಗೆಂದರೇನು ಎಂದು ಕೇಳಿದಾಗ ಇವನು ಹೆಮ್ಮೆಯಿಂದಲೇ ಒಡಹುಟ್ಟಿದವಳು ಎಂದ. ಸ್ಕೂಲಿನಲ್ಲಿ ರಕ್ತಸಂಬಂಧಿಗಳು ಒಂದೇ ಕಡೆ ಕೆಲಸ ಮಾಡುವ ಹಾಗಿಲ್ಲ. ನನಗೆ ಎಚ್‌ಆರ್‌ನಿಂದ ಕರೆ ಬಂತು. ಅಲ್ಲಿದ್ದ ಹೆಂಗಸು ಲೆಬನಾನಿನವರು, ಬಹಳ ಶಿಸ್ತು. ತಂದೆ ಒಬ್ಬರೇನಾ ಎಂದು ಕೇಳಿದರು. ಅಲ್ಲ ಎಂದೆ. ತಾಯಿ? ಅಲ್ಲ. ಮತ್ತೆ ತಮ್ಮ ಹೇಗಾದ? ನಾನು ಮಜ್ಜಿಗೆಯ ವಿಷಯವನ್ನು ಪೂರ್ತಿ ವಿವರಿಸಿದೆ. ಅವರು ಪೆನ್ನು ಕೆಳಗಿಟ್ಟು, ಈ ಥರದ ತಮ್ಮಂದಿರು ನಿಮಗೆ ಈ ದೇಶದಲ್ಲಿ ಇನ್ನೆಷ್ಟು ಜನ ಇದ್ದಾರೆ ಎಂದರು.

ಇನ್ನೂ ವಿಚಾರಿಸಿಲ್ಲ ಎಂದೆ.

೨. ಗೋಡೆಯ ಲೆಕ್ಕ

ಎಂಟು ಜನ ಕೆಲಸಗಾರರು ಒಂದು ಗೋಡೆಯನ್ನು ಆರು ದಿನದಲ್ಲಿ ಕಟ್ಟಿದರೆ ನಾಲ್ಕು ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಈ ಲೆಕ್ಕವನ್ನು ನಾನು ಗುಬ್ಬಿಯಲ್ಲಿ ಕಲಿತೆ, ತುಮಕೂರಿನಲ್ಲಿ ಕಲಿಸಿದೆ, ಎಲ್ಲೂ ತೊಂದರೆಯಾಗಿರಲಿಲ್ಲ. ಗಲ್ಫಿನಲ್ಲಿ ಒಬ್ಬ ಹುಡುಗ ಉತ್ತರ ಆರು ದಿನ ಎಂದು ಬರೆದ. ತಪ್ಪು ಹಾಕಿದೆ.

ಮಾರನೆಯ ದಿನ ಅವನ ಅಪ್ಪ ಬಂದರು. ಊರಿನ ಎತ್ತರದ ಕಟ್ಟಡಗಳಲ್ಲಿ ಬಹಳಷ್ಟನ್ನು ಕಟ್ಟಿಸಿದ ಕಂಟ್ರಾಕ್ಟರು. ಮನುಷ್ಯ ಬಹಳ ಸಂಭಾವಿತರು, ಬರುವಾಗ ನನಗೆ ಒಂದು ಡಬ್ಬಿ ಖರ್ಜೂರ ತಂದಿದ್ದರು. ಮಗನ ಉತ್ತರ ಸರಿಯಾಗಿದೆ ಎಂದರು. ಜನ ಅರ್ಧವಾದರೆ ದಿನ ಎರಡರಷ್ಟಾಗುತ್ತದೆ ಎಂದು ನಾನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರು ತಾಳ್ಮೆಯಿಂದ ನೋಡಿದರು, ದಡ್ಡ ವಿದ್ಯಾರ್ಥಿಯನ್ನು ನಾವು ನೋಡುತ್ತೇವಲ್ಲ ಹಾಗೆ. ಆಮೇಲೆ ವಿವರಿಸಿದರು. ಆರು ದಿನ ಎಂದು ಒಪ್ಪಂದವಾಗಿದೆ. ನಾಲ್ಕು ಜನ ಕಾಯಿಲೆ ಬಿದ್ದರೋ ಊರಿಗೆ ಹೋದರೋ, ಅದು ಅವರ ವಿಷಯ. ಉಳಿದ ನಾಲ್ವರು ಆರನೇ ದಿನ ಮುಗಿಸಿ ಕೊಡುತ್ತಾರೆ. ಅವರ ಸೈಟಿನಲ್ಲಿ ಯಾವತ್ತೂ ಹಾಗೇ ಆಗಿರುವುದಂತೆ.

ಹಾಗಾದರೆ ಅವರು ಮಲಗುವುದು ಯಾವಾಗ ಎಂದು ಕೇಳಿದೆ.

ಅವರು ನಿಜವಾಗಿಯೂ ಯೋಚನೆ ಮಾಡಿದರು. "ಅದು ಬೇರೆ ಲೆಕ್ಕ ಮೇಡಂ," ಎಂದರು. "ಅದು ಈ ಪಾಠದಲ್ಲಿ ಬರೋದಿಲ್ಲ."

ಪ್ರಿನ್ಸಿಪಾಲರು ಹುಡುಗನಿಗೆ ಪೂರ್ತಿ ಅಂಕ ಕೊಡಿಸಿದರು. ಮುಂದಿನ ವರ್ಷದಿಂದ ಪ್ರಶ್ನೆಪತ್ರಿಕೆಯಲ್ಲಿ ಕೆಲಸಗಾರರು ಬೇಡ, ತೊಟ್ಟಿಗೆ ನೀರು ತುಂಬಿಸುವ ನಲ್ಲಿಗಳನ್ನು ಹಾಕಿ ಎಂದು ಹೇಳಿಕಳಿಸಿದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಖರ್ಜೂರ ತಿಂದೆ. ಚೆನ್ನಾಗಿತ್ತು.

೩. ಜಿಮ್ಮಿನಲ್ಲಿ ಗುರಿ

ವರ್ಷಕ್ಕೊಮ್ಮೆ ನಮ್ಮ ಸ್ಕೂಲಿನಲ್ಲಿ ಕೆಲಸಗಾರರಿಗೆ ಕೃತಜ್ಞತೆ ಹೇಳುವ ದಿನ ಇರುತ್ತದೆ. ಅವತ್ತು ಕ್ಲೀನಿಂಗಿನವರನ್ನೆಲ್ಲ ವೇದಿಕೆಯ ಮೇಲೆ ಕೂರಿಸುತ್ತಾರೆ. ಮಕ್ಕಳು ಹಾಡು ಹೇಳಿ ಬಣ್ಣಬಣ್ಣದ ಕಾಗದದ ಚೂರು ಎರಚುತ್ತಾರೆ. ಚಪ್ಪಾಳೆ ಮುಗಿದ ಮೇಲೆ ಸನ್ಮಾನಿತರು ಕೆಳಗಿಳಿದು ಬಂದು ಆ ಚೂರುಗಳನ್ನು ಗುಡಿಸುತ್ತಾರೆ. ಅವತ್ತು ಅವರ ಊಟ ಯಾವಾಗಲೂ ತಡ.

ಆ ಸಲ ಒಬ್ಬ ಹುಡುಗ ನಮ್ಮ ಕುಣಿಗಲ್ಲಿನವನಿಗೆ ತನ್ನ ಅಪ್ಪನ ಜಿಮ್ಮಿನ ಪಾಸು ಕೊಟ್ಟ. ಬೆಳಗಿನಿಂದ ಸಂಜೆಯವರೆಗೆ ಮೂರು ಮಹಡಿ ಒರೆಸುವವನಿಗೆ ಜಿಮ್ಮು. ಇವನು ಪಾಸು ಹಿಡಿದುಕೊಂಡು ನನ್ನ ಹತ್ತಿರ ಬಂದ. ಬಿಟ್ಟಿ ಸಿಕ್ಕಿದ್ದನ್ನು ದಂಡ ಮಾಡುವುದು ನಮ್ಮ ಕಡೆ ಪಾಪ. ಹೋಗಿ ಬಾ, ಮೈ ಒಂದು ಅಳತೆಗೆ ಬಂದರೆ ಹೆಣ್ಣಿನ ಕಡೆಯವರಿಗೆ ಕಳಿಸುವ ಫೋಟೊ ಚೆನ್ನಾಗಿ ಬರುತ್ತದೆ ಎಂದೆ.

ಶುಕ್ರವಾರ ರಜೆ, ಹೋದ. ಅಲ್ಲಿನ ಟ್ರೈನರು ಫಿಲಿಪೀನ್ಸಿನ ಹುಡುಗ. ಹೊಸಬರು ಬಂದರೆ ಅವನು ಮೊದಲು ಗುರಿ ಏನು ಎಂದು ಕೇಳಬೇಕಂತೆ, ಅದು ಅಲ್ಲಿನ ಪದ್ಧತಿ. ತೂಕ ಇಳಿಸಬೇಕಾ, ತೋಳು ದಪ್ಪ ಮಾಡಬೇಕಾ ಎಂದು ಕೇಳಿದ. ಇವನು ಸುತ್ತಲೂ ಓಡುತ್ತಿದ್ದವರನ್ನೂ ಭಾರ ಎತ್ತುತ್ತಿದ್ದವರನ್ನೂ ನೋಡಿ, ತನಗೆ ಬರುವ ಹಿಂದಿಯಲ್ಲಿ, ಕೂತ್ಕೋಬೇಕು ಎಂದ.

ಟ್ರೈನರು ಒಂದು ಬೆಂಚು ತೋರಿಸಿದ. ಅವನೂ ಬೆಳಗ್ಗೆಯಿಂದ ನಿಂತೇ ಇದ್ದವನು, ಪಕ್ಕದಲ್ಲಿ ತಾನೂ ಕೂತ. ಎಸಿ ತಣ್ಣಗೆ ಬರುತ್ತಿತ್ತಂತೆ. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದು ಇದೇನು ನಡೀತಿದೆ ಎಂದು ಕೇಳಿದರೆ, ಟ್ರೈನರು ಎದ್ದು ನಿಂತು, ಇಂಡಿಯಾದ ಯೋಗ ಸಾರ್ ಎಂದನಂತೆ. ಮುಂದಿನ ವಾರ ಮ್ಯಾನೇಜರು ಇನ್ನಿಬ್ಬರು ಗಿರಾಕಿಗಳನ್ನು ಅದೇ ಬೆಂಚಿಗೆ ಕಳಿಸಿದ್ದಾರೆ.

೪. ಬ್ಲೇಜರು

ಅಡ್ಮಿಷನ್ ಶುರುವಾಗುವ ಮೊದಲು ಸ್ಕೂಲಿನಲ್ಲಿ ಓಪನ್ ಡೇ. ಅವತ್ತು ಸೇರಿಸುವ ಯೋಚನೆಯಲ್ಲಿರುವ ಪೋಷಕರು ಬಂದು ಎಲ್ಲವನ್ನೂ ನೋಡುತ್ತಾರೆ. ಅವರು ಹುಡುಕುವುದು ಎರಡು. ಟೀಚರುಗಳು ಬೆಳ್ಳಗಿರಬೇಕು, ಮತ್ತು ಬಹಳ ಜನ ಇರಬೇಕು.

ಮೊದಲನೆಯದಕ್ಕೆ ಆಡಳಿತದವರು ಆಟದ ಮೇಷ್ಟ್ರನ್ನು ಕರೆತಂದು ನನ್ನ ಗಣಿತದ ಕ್ಲಾಸಿನ ಬಾಗಿಲಲ್ಲಿ ನಿಲ್ಲಿಸಿದರು. ಲಂಡನ್ನಿನ ಕಡೆಯ ಹುಡುಗ, ಒಳ್ಳೆಯವನು. ನಾನು ಪಕ್ಕದ ಕುರ್ಚಿಯಲ್ಲಿ. ಪೋಷಕರು ಅವನನ್ನು ಪ್ರಶ್ನೆ ಕೇಳುತ್ತಿದ್ದರು, ಅವನು ನನ್ನ ಕಡೆ ತಿರುಗುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, ಅವನು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಒಬ್ಬ ತಾಯಿ ಹೋಗುವಾಗ ಅವನಿಗೆ, ನಿಮ್ಮ ಅಸಿಸ್ಟೆಂಟು ಚುರುಕಾಗಿದ್ದಾರೆ ಎಂದರು. ಅವನು ಕಿವಿಯವರೆಗೂ ಕೆಂಪಾದ. ನಾನು ಥ್ಯಾಂಕ್ಸ್ ಹೇಳಿದೆ.

ಎರಡನೆಯದಕ್ಕೆ, ಅಂದರೆ ಬಹಳ ಜನ ಇರಬೇಕು ಎನ್ನುವುದಕ್ಕೆ, ಕ್ಲೀನಿಂಗಿನವರಲ್ಲಿ ನೋಡಲು ಚೆನ್ನಾಗಿದ್ದವರನ್ನು ಆರಿಸಿ, ಸ್ಕೂಲಿನ ಗುರುತಿದ್ದ ಬ್ಲೇಜರು, ಟೈ ಹಾಕಿಸಿ ಒಂದೊಂದು ಕ್ಲಾಸಿನಲ್ಲಿ ನಿಲ್ಲಿಸಿದರು. ಬಾಯಿ ತೆರೆಯಬಾರದು, ನಗಬೇಕು ಎಂದು ಅಪ್ಪಣೆ. ನನ್ನ ಕ್ಲಾಸಿಗೆ ಬಂದವನು ಕುಣಿಗಲ್ಲಿನವನೇ. ತಲೆ ಬಾಚಿ, ಟೈ ಕಟ್ಟಿ, ನನ್ನ ಸಮೀಕರಣಗಳು ತುಂಬಿದ ಬೋರ್ಡಿನ ಮುಂದೆ ಸ್ಕೇಲು ಹಿಡಿದು ನಿಂತರೆ ಯಾರು ನೋಡಿದರೂ ಮೇಷ್ಟ್ರೇ. ಅವ್ವಂಗೆ ಕಳಿಸ್ತೀನಿ ಎಂದು ಒಂದು ಫೋಟೊ ತೆಗೆಸಿಕೊಂಡ. ತೆಗೆದವಳು ನಾನೇ.

ಅವ್ವ ಅದನ್ನು ಮದುವೆ ಬ್ರೋಕರಿಗೆ ಕಳಿಸಿದರು. ವಾರದೊಳಗೆ ಗುಬ್ಬಿಯಿಂದ ಒಂದು ಸಂಬಂಧ ಬಂತು. ತೆಂಗಿನಕಾಯಿ ವ್ಯಾಪಾರದವರು, ಮರ್ಯಾದಸ್ಥರು, ವಿಚಾರಿಸಿ ಮುಂದುವರಿಯುತ್ತೇವೆ ಎಂದಿದ್ದಾರೆ. ಇವನು ನನ್ನ ಮುಂದೆ ಬಂದು ನಿಂತಾಗ ಮುಖದಲ್ಲಿ ಖುಷಿಯೂ ಇತ್ತು, ಭಯವೂ ಇತ್ತು.

"ನಾನೇನೂ ಹೇಳಿಲ್ಲ ಕಣಕ್ಕ. ಫೋಟೊ ನೋಡಿ ಅವ್ರೇ ಮೇಷ್ಟ್ರು ಅಂದ್ಕಂಡವ್ರೆ."

ನಿಜ ಹೇಳಿಬಿಡು ಎಂದೆ. ಹೇಳ್ತೀನಿ ಎಂದ. ಯಾವಾಗ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಷ್ಟರಲ್ಲಿ ಊರಿನಲ್ಲಿರುವ ಅವನ ಸ್ವಂತ ಅಕ್ಕನ ಮಗನಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಬೇಕೆಂದು ಊರಿನಿಂದ ಹುಕುಂ ಬಂತು. ಮಧ್ಯಾಹ್ನ ನನ್ನ ಹತ್ತಿರ ಕಲಿತು ಸಂಜೆ ಅವನಿಗೆ ಕಲಿಸುತ್ತಿದ್ದ. ಆ ವರ್ಷ ನಾನು ಪಾಸು ಮಾಡಿಸಿದ ಮಕ್ಕಳಲ್ಲಿ, ಅಪ್ಪ ಬಂದು ವಾದ ಮಾಡದೆ ಪಾಸಾದವನು ಆ ಹುಡುಗನೊಬ್ಬನೇ.

೫. ಗೇಟಿನ ಹತ್ತಿರ

ಬೇಸಿಗೆ ರಜೆಗೆ ನಾನು ತುಮಕೂರಿಗೆ ಬಂದೆ. ಕ್ಲೀನಿಂಗಿನವರಿಗೆ ರಜೆ ಇಲ್ಲ, ಅವನು ಅಲ್ಲೇ ಉಳಿದ. ಬಂದ ವಾರದಲ್ಲೇ ಒಂದು ಸಂಜೆ ಸದಾಶಿವನಗರದ ಮನೆಯ ಮುಂದೆ ಸ್ಕೂಟರ್ ನಿಂತಿತು. ಹುಡುಗಿಯ ಅಪ್ಪ, ಹಿಂದೆ ಹುಡುಗಿಯ ಸೋದರಮಾವ, ಕಾಲ ಹತ್ತಿರ ಒಂದು ಚೀಲ ತೆಂಗಿನಕಾಯಿ. ಗುಬ್ಬಿಯಿಂದ ಬಂದೆವು, ಈ ಕಡೆ ಕೆಲಸ ಇತ್ತು, ನಿಮ್ಮ ತವರಿನವರು ಹೇಳಿದರು, ಹಾಗೇ ನೋಡಿಕೊಂಡು ಹೋಗೋಣ ಅಂತ ಎಂದರು.

ಗಂಡಿನ ವಿಚಾರಣೆಗೆ ಬಂದವರು ಬಂದ ವಿಷಯ ಹೇಳುವುದಿಲ್ಲ. ಕಾಫಿ ಕುಡಿಯುತ್ತಾರೆ. ಕೊಬ್ಬರಿ ರೇಟು ಮಾತಾಡುತ್ತಾರೆ. ಮನೆ ಯಾವಾಗ ಕಟ್ಟಿಸಿದಿರಿ, ಬೋರ್‌ವೆಲ್ಲಿನಲ್ಲಿ ನೀರು ಹೇಗೆ ಎಂದೆಲ್ಲ ಕೇಳುತ್ತಾರೆ. ಎದ್ದು, ಚಪ್ಪಲಿ ಹಾಕಿಕೊಂಡು, ಗೇಟಿನವರೆಗೆ ಹೋಗಿ, ಆಗ ನೆನಪಾದವರ ಹಾಗೆ ತಿರುಗಿ ಕೇಳುತ್ತಾರೆ. ಗೇಟಿನಲ್ಲಿ ಕೇಳಿದ್ದೇ ವಿಚಾರಣೆ, ಒಳಗೆ ಆಡಿದ್ದೆಲ್ಲ ಕಾಫಿಗಾಗಿ.

ಅವರು ಯಜಮಾನರ ಜೊತೆ ಕೊಬ್ಬರಿ ಮಾತಾಡುತ್ತಿದ್ದಷ್ಟು ಹೊತ್ತೂ ನನಗೆ ಒಳಗೊಳಗೇ ಸಂಕಟ. ನಿಜ ಹೇಳಿದರೆ ಅವನ ಮದುವೆ ಮುರಿಯುತ್ತದೆ, ಅವನ ತಾಯಿ ಇನ್ನೆಷ್ಟು ಮನೆ ಹತ್ತಿಳಿಯಬೇಕು. ಸುಳ್ಳು ಹೇಳಿದರೆ ಒಂದು ಹೆಣ್ಣುಮಗುವಿನ ಬಾಳು, ಎದುರಿಗೆ ಕೂತ ಅಪ್ಪ ನೋಡಿದರೆ ಸಾಧು ಮನುಷ್ಯ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಸ್ಕೂಲಿನಲ್ಲಿ ಕೆಲಸ ಎಂದಷ್ಟೇ ಹೇಳುವುದು, ಯಾವ ಕೆಲಸ ಎಂದು ಹೇಳದಿರುವುದು.

ಎದ್ದರು. ಚಪ್ಪಲಿ ಹಾಕಿಕೊಂಡರು. ಗೇಟಿನ ಹತ್ತಿರ ಹುಡುಗಿಯ ಅಪ್ಪ ತಿರುಗಿದರು.

"ಆ ಕುಣಿಗಲ್ ಹುಡ್ಗ ಅಲ್ಲಿ ಪಾಠ ಮಾಡ್ತಾನಂತಲ್ಲ ತಾಯಿ, ನಿಜವಾ?"

"ಹೌದು," ಎಂದೆ. ತೀರ್ಮಾನ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಷ್ಟಕ್ಕೆ ನಿಲ್ಲಿಸಲೂ ಇಲ್ಲ. ಬಹಳ ಒಳ್ಳೆಯ ಟೀಚರ್, ಮಕ್ಕಳಿಗೆ ಅವನನ್ನು ಕಂಡರೆ ಪ್ರಾಣ, ಮುಂದೆ ಹೆಡ್‌ಮಾಸ್ಟರ್ ಆದರೂ ಆಶ್ಚರ್ಯವಿಲ್ಲ ಎಂದೆಲ್ಲ ಹೇಳಿದೆ.

ಅಪ್ಪನ ಮುಖ ಇಳಿದುಹೋಯಿತು. ಸೋದರಮಾವ ಆಕಾಶ ನೋಡಿದರು.

"ಹೋಗ್ಲಿ ಬುಡಿ," ಎಂದು ಅಪ್ಪ ಸ್ಕೂಟರಿನ ಕಡೆ ನಡೆದರು.

ನನಗೆ ಅರ್ಥವಾಗಲಿಲ್ಲ. ಏನಾಯಿತು ಎಂದು ಕೇಳಿದ ಮೇಲೆ ಅವರು ನಿಧಾನವಾಗಿ ಹೇಳಿದರು. "ನಮ್ ಹುಡ್ಗೀನೂ ಟೀಚರ್ರೇ ತಾಯಿ, ಪ್ರೈವೇಟ್ ಸ್ಕೂಲು. ಬೆಳಗ್ಗೆ ವ್ಯಾನಲ್ಲಿ ಮಕ್ಳನ್ನ ಹತ್ತುಸ್ಕೊಂಡು ಹೋಗ್ತಾಳೆ, ದಿನಾ ನಿಂತ್ಕೊಂಡು ಪಾಠ ಮಾಡ್ತಾಳೆ, ಭಾನ್ವಾರ ಅಡ್ಮಿಷನ್ ಕೇಳ್ಕೊಂಡು ಮನೆಮನೆ ತಿರುಗ್ತಾಳೆ. ಮನೇಗ್ ಬಂದ್ರೆ ಪೇಪರ್ ತಿದ್ತಾಳೆ. ಯಾರ್ನಾದ್ರೂ ಮಾಡ್ಕೋತೀನಿ, ಮೇಷ್ಟ್ರನ್ನ ಮಾತ್ರ ತರ್ಬೇಡಿ ಅಂದವ್ಳೆ."

ಫೋಟೊ ನೋಡಿದ ದಿನವೇ ಆಕೆ ಬೇಡ ಎಂದಿದ್ದಳಂತೆ. ಆದರೆ ಹುಡುಗನ ಸೋದರತ್ತೆ ಗುಟ್ಟಾಗಿ ಒಂದು ಮಾತು ಹೇಳಿದ್ದಾರೆ. ಅವನು ಮೇಷ್ಟ್ರಲ್ಲ, ಅಲ್ಲಿ ಕ್ಲೀನಿಂಗ್ ಕೆಲಸ, ಮುಂದಿನ ವರ್ಷ ಬಂದು ಕುಣಿಗಲ್ ಬೈಪಾಸಿನಲ್ಲಿ ಕಾರು ತೊಳೆಯುವ ಶೆಡ್ಡು ಹಾಕುತ್ತಾನೆ ಎಂದು. ಅದನ್ನು ಕೇಳಿ ಹುಡುಗಿಗೆ ಮನಸ್ಸು ಬಂದಿದೆ. ಖಾತ್ರಿ ಮಾಡಿಕೊಂಡು ಹೋಗೋಣ ಎಂದು ಆಸೆಯಿಂದ ಬಂದರೆ, ನೀವು ಹೆಡ್‌ಮಾಸ್ಟರ್ ಅಂತೀರಿ ಎಂದರು.

ನಾನು ಓಡಿಹೋಗಿ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡೆ. ಇಲ್ಲ, ನಾನು ಸುಳ್ಳು ಹೇಳಿದೆ, ಅವನು ನೆಲವೇ ಒರೆಸುವುದು ಎಂದೆ. ಅವರು ನಂಬಲಿಲ್ಲ. ನಮ್ಮ ಸಮಾಧಾನಕ್ಕೆ ಹೇಳುತ್ತಿದ್ದೀರಿ, ಇರಲಿ, ನಿಮ್ಮ ಮನಸ್ಸು ದೊಡ್ಡದು ಎಂದರು. ಹೆಂಡತಿಯ ಮಾತು ನಿಜ ಎಂದು ಯಜಮಾನರು ಜಗುಲಿಯಿಂದ ಸಾಕ್ಷಿ ಹೇಳಿದರು. ಹೆಂಡತಿಯನ್ನು ಬಿಟ್ಟುಕೊಡದ ಗಂಡ ಎಂದು ಅದನ್ನೂ ತಳ್ಳಿಹಾಕಿದರು.

ಫೋನು ತೆಗೆದು ಫೋಟೊ ಹುಡುಕತೊಡಗಿದೆ. ಯಾವ ಫೋಟೊ ನೋಡಿದರೂ ಅವನು ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಇಲ್ಲವೇ ಯಾರದೋ ಕಾರಿಗೆ ಒರಗಿಕೊಂಡು. ಮಾಪು ಹಿಡಿದು ಯಾರು ತಾನೇ ಫೋಟೊ ತೆಗೆಸಿಕೊಳ್ಳುತ್ತಾರೆ. ಕೊನೆಗೆ ಸ್ಪೋರ್ಟ್ಸ್ ಡೇಯ ಒಂದು ಚಿತ್ರ ಸಿಕ್ಕಿತು. ಮುಂದೆ ನಾನು ಬಹುಮಾನದ ಕಪ್ಪು ಹಿಡಿದು ನಿಂತಿದ್ದೇನೆ, ಹಿಂದೆ ಮೂಲೆಯಲ್ಲಿ ಅವನು ನೀಲಿ ಯೂನಿಫಾರ್ಮಿನಲ್ಲಿ. ದೊಡ್ಡದು ಮಾಡಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು, ಸೋದರಮಾವನಿಗೂ ತೋರಿಸಿದರು.

"ಅದು ಮಾಪೇ ತಾನೆ?"

"ಮಾಪೇ," ಎಂದೆ.

ಅಪ್ಪ ಅಲ್ಲೇ ಗೇಟಿನಲ್ಲಿ ನಿಂತು ಮಗಳಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಹುಡುಗಿ ನಮಸ್ಕಾರ ಹೇಳಿದಳು. ಸುತ್ತಿಬಳಸಲಿಲ್ಲ. ಡ್ಯೂಟಿ ಮುಗಿದ ಮೇಲೆ ಅವರು ಮನೆಗೆ ಕೆಲಸ ತರುತ್ತಾರಾ ಎಂದು ಕೇಳಿದಳು. ಇಲ್ಲಮ್ಮ, ಮಾಪು ಅಲ್ಲೇ ಇಟ್ಟು ಬರುತ್ತಾನೆ ಎಂದೆ. ಹಾಗಾದ್ರೆ ಸರಿ ಮೇಡಂ, ಅಪ್ಪಂಗೆ ಮುಂದಿನ ಮಾತಾಡೋಕೆ ಹೇಳಿ ಎಂದಳು.

ಇಬ್ಬರೂ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದರು. ನಾನು ಎರಡನೇ ಸಲ ಕಾಫಿಗೆ ಇಟ್ಟೆ. ನನಗೆ ಸಂತೋಷವೂ ಆಗಿತ್ತು, ಒಂದು ಚೂರು ಹೊಟ್ಟೆಯುರಿಯೂ ಆಗಿತ್ತು. ನನ್ನ ಕಸುಬನ್ನು ಯಾರೂ ನನ್ನ ಮನೆಯಲ್ಲೇ ಕೂತು ಇಷ್ಟು ಮರ್ಯಾದೆಯಿಂದ ಬೇಡ ಎಂದಿರಲಿಲ್ಲ. ಪಡಸಾಲೆಯಲ್ಲಿ ಅಪ್ಪ ಯಜಮಾನರಿಗೆ, ಶ್ರಾವಣದಲ್ಲಿ ನಿಶ್ಚಿತಾರ್ಥ ಮಾಡಿಕೊಳ್ಳೋಣ ಎನ್ನುತ್ತಿದ್ದರು.

ಹಾಲು ಉಕ್ಕುವ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಗಲ್ಫಿನಿಂದ ಅವನೇ. ನಾನು ವಿಷಯ ಹೇಳುವ ಮೊದಲೇ ಅವನು ಶುರು ಮಾಡಿದ. ಓಪನ್ ಡೇಯಲ್ಲಿ ಬ್ಲೇಜರಿನವರನ್ನು ನೋಡಿ ಅಡ್ಮಿಷನ್ ಜಾಸ್ತಿಯಾಗಿದೆಯಂತೆ. ಅವರನ್ನೆಲ್ಲ ಖಾಯಂ ಮಾಡಿದ್ದಾರಂತೆ. ಸಂಬಳ ಅಷ್ಟೇ, ಕೋಟು ಬೇರೆ.

"ಅಕ್ಕ, ನಾನೀಗ ನಿಜವಾಗ್ಲೂ ಟೀಚರ್ ಕಣಕ್ಕ. ಅಸಿಸ್ಟೆಂಟ್ ಟೀಚರ್. ಇನ್ಮುಂದೆ ಮಾಪು ಮುಟ್ಟಂಗೇ ಇಲ್ವಂತೆ. ಗುಬ್ಬಿಯೋರ್ಗೆ ಈಗ್ಲೇ ಫೋನ್ ಮಾಡಿ ಹೇಳ್ಬುಡ್ತೀನಿ."

ನಾನು ಅಡುಗೆಮನೆಯ ಬಾಗಿಲು ಮುಚ್ಚಿದೆ.

"ಯಾರಿಗೂ ಫೋನ್ ಮಾಡ್ಬೇಡ ಕಣೋ," ಎಂದೆ. "ಓಡ್ಹೋಗಿ ಆ ಮಾಪು ಹಿಡ್ಕೋ. ತಾಳಿ ಕಟ್ಟೋವರ್ಗೂ ಕ್ಲಾಸ್ ರೂಮಿನ ಕಡೆ ತಲೆ ಹಾಕ್ಬೇಡ."